ಎರಡು ಡಿಗ್ರಿ ಗಟ್ಟಿ ಮಂದಿ

ಕೂಲರಿನ ಹುಲ್ಲಿನ ಚಾಪೆಯನ್ನು ಹುಣಸೆ ನೀರಿನಲ್ಲಿ ಅದ್ದಿ, ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದಳು ಚಂದ್ರಭಾಗಾ. ಕಲಬುರ್ಗಿಯ ಬೋರಿನ ನೀರು. ನಾಲ್ಕು ದಿನ ಬಿಟ್ಟರೆ ಸಾಕು, ಹುಲ್ಲಿನ ಮೇಲೆಲ್ಲ ಬಿಳಿ ಉಪ್ಪು ಕಟ್ಟಿ ಒಣ ರೊಟ್ಟಿಯ ಹಾಗೆ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಫ್ಯಾನು ಎಷ್ಟೇ ತಿರುಗಲಿ, ಹುಲ್ಲಿನಲ್ಲಿರುವ ನೀರು ಆರುವುದಿಲ್ಲ. ನೀರು ಆರದಿದ್ದರೆ ತಂಪು ಎಲ್ಲಿಂದ ಬರಬೇಕು?

"ಅಷ್ಟ್ಯಾಕ ತಿಕ್ತೀಯವ್ವ, ಅದೇನು ನಿನ್ನ ಮದಿವಿ ಸೀರಿ ಏನು?" ಎಂದಳು ಕಟ್ಟೆಯ ಮೇಲೆ ಕುಳಿತು ಬೇಳೆ ಆರಿಸುತ್ತಿದ್ದ ವೈನಿ ಕಮಲಾಬಾಯಿ. ಅಣ್ಣ ತೀರಿಕೊಂಡ ಮೇಲೆ ವೈನಿ, ನಾದಿನಿ ಇಬ್ಬರೇ ಆ ಮನೆಯಲ್ಲಿ. ಮದುವೆಯಾಗದೆ ಉಳಿದ ನಾದಿನಿಗೆ ಈ ಮಾತನ್ನು ಅಂದು ಅಂದು ಅದರ ಮೊನೆ ಎಂದೋ ಸವೆದುಹೋಗಿತ್ತು.

"ಉಪ್ಪು ಹೋಗವಲ್ದು ವೈನಿ."

"ಹೋಗದಿದ್ರ ಹೊಸಾದು ತಗೊಂಡು ಬಾ. ಜಗತ್ತಿನ ಗಾಳಿ ಅಳಿಯಾಕಿ, ಮನಿ ಗಾಳಿಗಿ ಗತಿ ಇಲ್ಲ."

ಕೆಳಗಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ತಿಪ್ಪಣ್ಣ ಮೆಟ್ಟಿಲೇರಿ ಬಂದ. ಕೈಯಲ್ಲಿ ತೆಂಗಿನ ಹೋಳು, ಹಣೆಯ ಮೇಲೆ ಅಡ್ಡ ವಿಭೂತಿ. ಅವನು ಊರಾಚೆಯ ಹಾಸುಗಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುವವನು. ಅಂದು ಅಮಾವಾಸ್ಯೆ, ಗಣಿಗೆ ಸೂಟಿ. ಅಮಾವಾಸ್ಯೆಗೊಮ್ಮೆ ಸುತ್ತಿಗೆ, ಉಳಿ, ಹಾರೆ ಎಲ್ಲವನ್ನೂ ತೊಳೆದು ಒರೆಸಿ ಕುಂಕುಮವಿಟ್ಟು ಕಾಯಿ ಒಡೆಯುವುದು ಆ ಸೀಮೆಯ ಪದ್ಧತಿ. ಗಣಿಯಲ್ಲಿ ಮಾತ್ರವಲ್ಲ, ಬೇಳೆ ಗಿರಣಿಯಲ್ಲಿ, ಬಸ್ಸಿನ ಡಿಪೋದಲ್ಲಿ, ಎಲ್ಲೆಲ್ಲಿ ಉಪಕರಣ ಇದೆಯೋ ಅಲ್ಲೆಲ್ಲ ಅದೇ.

"ತಗೋರಿ ಮೇಡಮ್ಮೋರ, ಪ್ರಸಾದ. ಈ ಸಲ ನಿಮ್ಮ ಹೆಸರ್ಲೆನೂ ಒಂದು ಕಾಯಿ ಒಡದೀವಿ."

"ನನ್ನ ಹೆಸರ್ಲೆ ಯಾಕೋ ಮಾರಾಯಾ?"

"ಯಾಕಂದ್ರ? ಬ್ಯಾರೆ ಕಡಿ ಹನ್ನೊಂದಕ್ಕ ಕೂಗು ಹೊಡಿತದ. ನಮ್ಮಲ್ಲಿ ಒಂದಕ್ಕ. ಎರಡು ತಾಸಿನ ಕೂಲಿ ಯಾರು ಕೊಟ್ಟಾರ ನಮಗ? ನೀವ. ಬಿರಾದಾರ ಡಿಗ್ರಿ!" ತಿಪ್ಪಣ್ಣ ತನ್ನ ತೋಳನ್ನು ತಾನೇ ತಟ್ಟಿಕೊಂಡ. "ಮನ್ನಿ ಸಮುದ್ರದ ಕಡಿಂದ ಒಬ್ಬ ಹುಡುಗ ಕೆಲಸಕ್ಕ ಬಂದಿದ್ದ. ಹತ್ತರೊಳಗ ಕುಂತುಬಿಟ್ಟ. ನಾ ಅಂದ್ನಿ, ತಮ್ಮಾ, ನೀ ಹಗೂರ ಬಾ. ನಾವು ಎರಡು ಡಿಗ್ರಿ ಗಟ್ಟಿ ಮಂದಿ. ಸೈನ್ಸ್‌ದಾಗ ಬರದಾರ."

ಕಮಲಾಬಾಯಿ ನಕ್ಕಳು. ಚಂದ್ರಭಾಗಾ ಹೋಳನ್ನು ಬಾಯಿಗೆ ಹಾಕಿಕೊಂಡಳು. ಅವನು ಕೆಳಗೆ ಹೋದ ಮೇಲೆ ಸೆರಗಿನಲ್ಲಿ ಉಗುಳಿಕೊಂಡಳು.

ಅವನು ಹೇಳಿದ ಕೂಗು ಎಂದರೆ 'ನೆರಳು' ಯಂತ್ರದ ಕೂಗು. ಬೇಸಿಗೆ ಮೊದಲಿನಂತೆ ಉಳಿಯದ ಮೇಲೆ, ಬಯಲಲ್ಲಿ ದುಡಿಯುವವರು ಕುಸಿದು ಬೀಳುವುದು ವಾಡಿಕೆಯಾದ ಮೇಲೆ, ಸರ್ಕಾರ ಇದನ್ನು ಊರೂರಿಗೆ ತಂದಿತ್ತು. ಗಾಳಿಯ ಬಿಸಿಯನ್ನೂ ತೇವವನ್ನೂ ಸೇರಿಸಿ ಅಳೆಯುವ ಒಂದು ಅಳತೆ ಇದೆ, ಹಸಿ ತಾಪ. ಥರ್ಮಾಮೀಟರಿನ ಬುಡಕ್ಕೆ ಹಸಿ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಬರುವ ಅಂಕಿ ಅದು. ಬೆವರು ಆರಿ ಮೈ ಎಷ್ಟು ತಂಪಾಗಬಲ್ಲದು ಎಂಬುದನ್ನು ಅದು ಹೇಳುತ್ತದೆ. ಹಸಿ ತಾಪ ಮಿತಿ ಮುಟ್ಟಿದ ಕ್ಷಣ ನೆರಳು ಕೂಗುತ್ತದೆ, ಕೂಗಿದ ಮೇಲೆ ಯಾರೂ ಹೊರಗೆ ಯಾರಿಂದಲೂ ಕೆಲಸ ಮಾಡಿಸುವಂತಿಲ್ಲ. ಕೂಲಿಯೂ ಅಲ್ಲಿಗೇ ನಿಲ್ಲುತ್ತದೆ.

ಮಿತಿ ಎಷ್ಟು ಎಂದು ಹೇಳುವವರು ಯಾರು? ಅಧಿಕಾರಿಗೆ ಬಿಟ್ಟರೆ ಗುತ್ತಿಗೆದಾರರು ಅವನನ್ನು ಕೊಂಡುಕೊಳ್ಳುತ್ತಾರೆ, ಮಂತ್ರಿಗೆ ಬಿಟ್ಟರೆ ಚುನಾವಣೆ ಬರುತ್ತದೆ. ಆದ್ದರಿಂದ ಅದನ್ನು ವಿಜ್ಞಾನಕ್ಕೇ ಬಿಡಲಾಗಿತ್ತು. ಜಗತ್ತಿನ ಸಂಶೋಧನಾ ಲೇಖನಗಳನ್ನೆಲ್ಲ ನೆರಳು ತಾನೇ ಓದುತ್ತದೆ. ಯಾವ ಲೇಖನವನ್ನು ಎಷ್ಟು ಜನ ತಮ್ಮ ಲೇಖನಗಳಲ್ಲಿ ಉಲ್ಲೇಖಿಸಿದ್ದಾರೋ ಅದಕ್ಕೆ ಅಷ್ಟು ತೂಕ. ತೂಕ ಹೆಚ್ಚಿದ್ದದ್ದರ ಮಾತು ನಡೆಯುತ್ತದೆ. ಹೊಗಳಿ ಉಲ್ಲೇಖಿಸಿದರೂ ಒಂದೇ, ತೆಗಳಿ ಉಲ್ಲೇಖಿಸಿದರೂ ಒಂದೇ. ಎರಡನ್ನೂ ಬೇರೆ ಮಾಡಲು ಯಂತ್ರಕ್ಕೆ ಕಲಿಸಲು ನೋಡಿದ್ದರು. ಆದರೆ ವಿಜ್ಞಾನಿಗಳು ಬೈಯುವುದನ್ನೂ ಎಷ್ಟು ವಿನಯದಿಂದ ಬರೆಯುತ್ತಾರೆಂದರೆ ಯಂತ್ರಕ್ಕೆ ಅದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು. ಕೊನೆಗೆ ಕೈಬಿಟ್ಟರು. ಒಂದು ಲೇಖನದ ತೂಕ ಇಲ್ಲವಾಗಬೇಕಾದರೆ ಇದ್ದದ್ದು ಒಂದೇ ದಾರಿ: ಬರೆದವರೇ ಪತ್ರಿಕೆಗೆ ಪತ್ರ ಕೊಟ್ಟು ಅದನ್ನು ಹಿಂತೆಗೆದುಕೊಳ್ಳಬೇಕು.

ದಖ್ಖನ್ನಿನ ಬಯಲುಸೀಮೆಯ ಮಟ್ಟಿಗೆ ಎಲ್ಲಕ್ಕಿಂತ ಭಾರವಾಗಿದ್ದದ್ದು ಡಾ. ಚಂದ್ರಭಾಗಾ ಬಿರಾದಾರಳ ಲೇಖನ. ಹಳೆಯ ಹವಾಮಾನ ಠಾಣೆಯೊಂದರ ಅಂಕಿಗಳನ್ನೂ ಆಸ್ಪತ್ರೆಗಳ ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟು ಅವಳು ತೋರಿಸಿದ್ದಳು: ಬೇರೆಡೆ ಇಪ್ಪತ್ತೆಂಟು ಡಿಗ್ರಿ ಹಸಿ ತಾಪಕ್ಕೆ ಜನ ಬೀಳಲು ಶುರುವಾದರೆ, ಇಲ್ಲಿನವರು ಮೂವತ್ತರವರೆಗೆ ತಡೆಯುತ್ತಾರೆ. ಹುಟ್ಟಿನಿಂದ ಬಿಸಿಲಲ್ಲಿ ಬೆಳೆದ ಮೈ. ಗುತ್ತಿಗೆದಾರರು ಕುಣಿದಾಡಿದರು. ಕೂಲಿಕಾರರೂ ಹಿಗ್ಗಿದರು. ಶಾಲೆಯ ಮಕ್ಕಳು ಆಟದಲ್ಲಿ ಗೆದ್ದರೆ "ಎರಡು ಡಿಗ್ರಿ ಗಟ್ಟಿ" ಎಂದು ಕೂಗುತ್ತಿದ್ದರು.

ಅದು ಸುಳ್ಳು ಎಂದು ಗೊತ್ತಿದ್ದದ್ದು ಚಂದ್ರಭಾಗಾಳೊಬ್ಬಳಿಗೇ.

ಸಂಜೆ ಫೋನು ಬಂತು. ಅವಳ ಶಿಷ್ಯೆ ರೇಹಾನಾ. ಹುಡುಗಿಗೆ ಉಸಿರೇ ಸಾಲುತ್ತಿರಲಿಲ್ಲ. "ಮೇಡಂ, ಹತ್ತು ಸಾವಿರ ದಾಟ್ತು! ಹತ್ತು ಸಾವಿರ ಮಂದಿ ನಿಮ್ಮ ಪೇಪರ್ ಹೆಸರು ಹೇಳ್ಯಾರ! ನಾಳಿ ಸೆಂಟರ್‌ದಾಗ ಸಣ್ಣ ಫಂಕ್ಷನ್ ಇಟ್ಟೀವಿ. ಆ ಬೂದಿ ಬಣ್ಣದ ಸೀರಿ ಉಟ್ಕೊಂಡು ಬರಬ್ಯಾಡ್ರಿ ಮತ್ತ."

* * *

ನೆರಳನ್ನು ನೋಡಿಕೊಳ್ಳುವ ಉಷ್ಣ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಯಾವಾಗಲೂ ಚಳಿ. ಯಂತ್ರಗಳಿಗೆ ಬಿಸಿ ತಾಗಬಾರದು. ಅಲ್ಲಿ ಕೂರುವ ಆಪರೇಟರ್ ಮಾಣಿಕಪ್ಪ ಏಪ್ರಿಲ್ ತಿಂಗಳಲ್ಲೂ ಮಫ್ಲರ್ ಸುತ್ತಿಕೊಂಡಿರುತ್ತಿದ್ದ. ಪೇಡೆ ಹಂಚಿದರು, ಶಾಲು ಹೊದಿಸಿದರು. ನಿರ್ದೇಶಕರು ಮಾತನಾಡುತ್ತ, ಈ ನೆಲದ ಜನರ ಗಟ್ಟಿತನವನ್ನು ಜಗತ್ತಿಗೆ ಸಾರಿದ ಮಗಳು ಎಂದರು. ಚಪ್ಪಾಳೆಯಾಯಿತು. ಎಲ್ಲರೂ ಊಟಕ್ಕೆ ಹೋದ ಮೇಲೆ ಚಂದ್ರಭಾಗಾ ಶಾಲು ತೆಗೆದು ಮಡಿಸಿ, ಮಾಣಿಕಪ್ಪನ ಹಿಂದೆ ಬಂದು ನಿಂತಳು. ಪರದೆಯ ಮೇಲೆ ಜಿಲ್ಲೆಯ ನಕ್ಷೆ. ಮೂಲೆಯಲ್ಲಿ ಮಿತಿಯ ಅಂಕಿ: ಮೂವತ್ತು ಪಾಯಿಂಟ್ ನಾಲ್ಕು.

"ಮೂವತ್ತಿತ್ತಲ್ಲ ಮಾಣಿಕಪ್ಪ?"

"ಮೊದಲಿತ್ರಿ. ಹೋದ ವರ್ಷ ರೇಹಾನಾ ಮೇಡಂ ಒಂದು ಪೇಪರ್ ಬರದ್ರು ನೋಡ್ರಿ, ನಿಮ್ಮ ಪೇಪರಿನ ಮ್ಯಾಲ. ಅದರ ಮ್ಯಾಲ ಚರ್ಚಾ ನಡೀತು. ಇವರು ಅಂದ್ರು, ಅವರು ಅಂದ್ರು, ಎಲ್ಲಾರೂ ನಿಮ್ಮ ಹೆಸರು ಹಾಕ್ಯಾರ. ನಿಮ್ಮದು ಭಾರ ಆತು. ಮಿತಿನ ಕೆಳಗಿಳಿಸೋ ಬ್ಯಾರೆ ಪೇಪರ್‌ಗಳು ಹಗುರ ಆದ್ವು. ಏರಿತು."

"ನೀ ಇಲ್ಲಿಂದ ಇಳಸಾಕ ಬರಂಗಿಲ್ಲೇನು?"

ಮಾಣಿಕಪ್ಪ ತಿರುಗಿ ನೋಡಿದ. "ಚ್ಯಾಷ್ಟಿ ಮಾಡ್ತೀರೇನ್ರಿ? ಇಲ್ಲಿ ನನ್ನ ಕೈಯಾಗ ಇರೋದು ಲೈಟಿನ ಬಟನ್ ಒಂದ."

ಅವಳು ಪೇಡೆಯ ಚೂರನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ರೇಹಾನಾಳಿಂದ ಆ ಲೇಖನ ಬರೆಸಿದವಳು ತಾನೇ. ಹುಡುಗಿಗೆ ನಿಜ ಹೇಳಿರಲಿಲ್ಲ. ಹಳೆಯ ಠಾಣೆಯ ಅಂಕಿಗಳಲ್ಲಿ ಒಂದಿಷ್ಟು ಅನುಮಾನವಿದೆ, ಮೆತ್ತಗೆ ಒಂದು ಪ್ರಶ್ನೆ ಎತ್ತಿ ನೋಡು ಎಂದಿದ್ದಳು. ಪ್ರಶ್ನೆ ಬೆಳೆದು ಬೇರೆ ಯಾರಾದರೂ ಮಿತಿಯನ್ನು ಇಳಿಸಲಿ, ತನ್ನ ಹೆಸರು ಮಾತ್ರ ಇದ್ದಲ್ಲೇ ಇರಲಿ ಎಂಬ ಆಸೆ. ಯಂತ್ರ ಹೇಗೆ ತೂಗುತ್ತದೆಂದು ತಿಳಿಯದವಳೇನಲ್ಲ. ಒಂದಲ್ಲ ಒಂದು ಪ್ರತಿವಾದ ತನ್ನದಕ್ಕಿಂತ ಭಾರವಾದೀತು ಎಂದುಕೊಂಡಿದ್ದಳು. ಒಂದೂ ಆಗಲಿಲ್ಲ. ಅವಳ ಹೇಡಿತನ ಪಾಯಿಂಟ್ ನಾಲ್ಕು ಡಿಗ್ರಿಯಾಗಿ ಪರದೆಯ ಮೂಲೆಯಲ್ಲಿ ಬೆಳಗುತ್ತಿತ್ತು.

ಪತ್ರಿಕೆಗೆ ಬರೆಯಬೇಕಾದ ಪತ್ರವನ್ನು ಅವಳು ಐದು ವರ್ಷದ ಹಿಂದೆಯೇ ಬರೆದಿದ್ದಳು. ಮೊದಲು ಹಿಂದಿನ ನಿರ್ದೇಶಕರ ನಿವೃತ್ತಿ ಆಗಲಿ ಎಂದಳು. ಆಮೇಲೆ ರೇಹಾನಾಳ ಪಿಎಚ್‌ಡಿ ಮುಗಿಯಲಿ. ಆಮೇಲೆ ಅವಳ ಖಾಯಂ ನೌಕರಿಯ ಸಂದರ್ಶನ ಆಗಲಿ. ಕಾರಣಗಳಿಗೇನು ಬರ? ಒಂದು ಮುಗಿಯುವುದರೊಳಗೆ ಇನ್ನೊಂದು ಬಾಗಿಲಲ್ಲಿ ಬಂದು ನಿಲ್ಲುತ್ತಿತ್ತು.

* * *

ಮರುವಾರ ಒಂದು ಮಧ್ಯಾಹ್ನ ಕಮಲಾಬಾಯಿಯ ಫೋನು ಬಂತು. ತಿಪ್ಪಣ್ಣ ಗಣಿಯಲ್ಲಿ ಬಿದ್ದಿದ್ದಾನೆ. ಜೊತೆಯವರು ಆಟೋದಲ್ಲಿ ಹಾಕಿಕೊಂಡು ಬಂದಿದ್ದಾರೆ.

ಚಂದ್ರಭಾಗಾ ಆಸ್ಪತ್ರೆ ಮುಟ್ಟಿದಾಗ ಅವನನ್ನು ಒಳಗೆ ಮಂಜುಗಡ್ಡೆಯ ನೀರಿನ ತೊಟ್ಟಿಯಲ್ಲಿ ಮಲಗಿಸಿದ್ದರು. ಹೊರಗೆ ವರಾಂಡದ ನೆಲದ ಮೇಲೆ ಅವನ ಹೆಂಡತಿ ಶಿವಲೀಲಾ ಅವನ ಚಪ್ಪಲಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಅವಳ ಪಕ್ಕ ಕೂರಬೇಕು ಎನ್ನುವಷ್ಟರಲ್ಲಿ ಊರ ಮೇಲೆ ಕೂಗು ಎದ್ದಿತು. ಉದ್ದನೆಯ, ಎಮ್ಮೆ ಅರಚಿದಂಥ ಕೂಗು.

ಶಿವಲೀಲಾ ತಲೆ ಎತ್ತಿದಳು. "ಈಗ ಕೂಗ್ಲಕತ್ತದ ನೋಡ್ರಿ. ಮನಷಾ ಬಿದ್ದು, ಆಟೋ ಹತ್ತಿ, ಇಲ್ಲಿ ಬಂದು ಮಕ್ಕೊಂಡ ಮ್ಯಾಲ ಕೂಗ್ಲಕತ್ತದ."

ಚಂದ್ರಭಾಗಾ ನಿಂತಲ್ಲೇ ಗೋಡೆಗೆ ಕೈ ಊರಿದಳು.

"ಬೀಳೋ ಮನಷಾ ಅಲ್ರಿ ಅಂವ. ಮಂದಿ ಎಲ್ಲಾ ನಗ್ತಾರ ಈಗ. ಎರಡು ಡಿಗ್ರಿ ಗಟ್ಟಿ ಅಂತ ಎದಿ ಬಡಕೊಂಡು ತಿರಗತಿದ್ದ. ಮುಂಜಾನೆ ತಲಿ ತಿರಗತದ ಅಂದ್ನಂತ. ಜೊತಿಗಿದ್ದವರು ಕೂಗಿಗಿ ಇನ್ನಾ ಟೈಮ್ ಅದ, ನಿನಗೇನಾಗ್ಯಾದ ಹೆಂಗಸು ಆದಂಗ ಅಂದರಂತ. ಅದಕ ಮತ್ತ ಹಾರಿ ಹಿಡದಾನ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವನ ಮೈಯಾಗೇನರ ದೋಷ ಇತ್ತೇನ್ರಿ ಮೇಡಮ್ಮೋರ? ನೀವು ಓದಿದವರು. ಎಲ್ಲಾರೂ ತಡೀತಾರ, ಇವ ಯಾಕ ತಡೀಲಿಲ್ಲ?"

ಇಷ್ಟು ವರ್ಷ ಯಾವ ಸಭೆಯಲ್ಲೂ ಯಾವ ಪಂಡಿತನೂ ಅವಳನ್ನು ಕೇಳದ ಪ್ರಶ್ನೆ ಇದು. ಅದಕ್ಕೆ ಉತ್ತರ ಅವಳ ಬಾಯಿಂದ ತಾನಾಗಿ ಬಂತು.

"ಯಾರೂ ತಡಿಯಂಗಿಲ್ಲವ್ವ. ಅವನ ಮೈಯಾಗ ದೋಷ ಇಲ್ಲ. ನನ್ನ ಲೆಕ್ಕದಾಗ ಅದ."

ಶಿವಲೀಲಾಗೆ ಅರ್ಥವಾಗಲಿಲ್ಲ. ಚಂದ್ರಭಾಗಾ ನೆಲದ ಮೇಲೆ ಅವಳ ಸಮಕ್ಕೆ ಕುಳಿತಳು. ಮಕ್ಕಳಿಗೆ ಹೇಳಿದ ಹಾಗೆ ಹೇಳಿದಳು. ಹಳೆಯ ಠಾಣೆಯಲ್ಲಿ ಥರ್ಮಾಮೀಟರಿಗೆ ಸುತ್ತುವ ಬಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಬೇಕಿತ್ತು, ಶುದ್ಧ ನೀರು ಹಾಕಬೇಕಿತ್ತು. ಶುದ್ಧ ನೀರು ಅಲ್ಲಿಗೆ ಬರುತ್ತಿರಲಿಲ್ಲ, ಬೋರಿನ ನೀರು ಹಾಕಿದರು. ಬಟ್ಟೆ ಉಪ್ಪು ಕಟ್ಟಿತು, ನೀರು ಆರಲಿಲ್ಲ, ಥರ್ಮಾಮೀಟರು ತಂಪಾಗಲಿಲ್ಲ. ಇಪ್ಪತ್ತೆಂಟು ಇದ್ದದ್ದನ್ನು ಅದು ಮೂವತ್ತು ಎಂದು ತೋರಿಸಿತು. ಅದು ಮೂವತ್ತು ತೋರಿಸುವ ತನಕ ಜನ ಬೀಳಲಿಲ್ಲ ನಿಜ. ಅವರು ತಡೆದದ್ದು ಮಾತ್ರ ಇಪ್ಪತ್ತೆಂಟನ್ನು.

"ನಾ ಕಾಗದದ ಮ್ಯಾಲ ನೋಡಿ ಮೂವತ್ತು ತಡೀತಾರ ಅಂತ ಬರದೆ. ಈಗಿನ ಯಂತ್ರ ಖರೇ ಮೂವತ್ತು ಆದ ಮ್ಯಾಲ ಕೂಗತದ."

ಶಿವಲೀಲಾ ಚಪ್ಪಲಿಯ ಅಂಗುಷ್ಠದ ಪಟ್ಟಿಯನ್ನು ಬೆರಳಿನಿಂದ ಉಜ್ಜಿದಳು.

"ಹಂಗಾದ್ರ ನಾವು ಗಟ್ಟಿ ಮಂದಿ ಅಲ್ಲ?"

"ಎಲ್ಲಾರಂಗ ಅದೀರಿ."

"ಎಲ್ಲಾರಂಗ ಇರೋ ಮಂದಿಗಿ ಎರಡು ತಾಸು ಹೆಚ್ಚಿಗಿ ಬಿಸಲಾಗ ನಿಂದರಿಸೀರಿ." ಅವಳ ದನಿ ಏರಲಿಲ್ಲ. "ಎಂದು ಗೊತ್ತಾತು ಇದು ನಿಮಗ?"

ಚಂದ್ರಭಾಗಾ ಕಣ್ಣು ತಗ್ಗಿಸಿದಳು. ಶಿವಲೀಲಾ ಅವಳ ಮುಖ ನೋಡಿದಳು, ಉತ್ತರ ಅಲ್ಲೇ ಸಿಕ್ಕಿತು. ಎದ್ದು ಚಪ್ಪಲಿ ಹಿಡಿದುಕೊಂಡು ವರಾಂಡದ ಆ ತುದಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕುಳಿತಳು.

* * *

ತಿಪ್ಪಣ್ಣ ಉಳಿದ. ಆದರೆ ಹೆಂಡತಿಯನ್ನು ತಾಯಿಯ ಹೆಸರಿನಿಂದ ಕರೆಯುತ್ತಿದ್ದ, ನೀರಿನ ಲೋಟ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮೂತ್ರಪಿಂಡಕ್ಕೂ ಪೆಟ್ಟಾಗಿದೆ, ಇನ್ನು ಸುತ್ತಿಗೆಯ ಕೆಲಸ ಕಷ್ಟ ಎಂದರು ಡಾಕ್ಟರು. ಅಂದು ಚಂದ್ರಭಾಗಾ ಕೇಂದ್ರಕ್ಕೆ ಹೋಗಿ ರೇಹಾನಾಳನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದಳು. ಕಂಪ್ಯೂಟರಿನಲ್ಲಿ ಒಂದು ಗೆರೆಯ ಚಿತ್ರ ತೆರೆದು ತೋರಿಸಿದಳು. ಹಳೆಯ ಠಾಣೆಯ ಅಂಕಿಗಳನ್ನು ಅಕ್ಕಪಕ್ಕದ ಊರುಗಳ ಅಂಕಿಗಳೊಂದಿಗೆ ಹೋಲಿಸಿದಾಗ ಬರುವ ವ್ಯತ್ಯಾಸ. ಗೆರೆ ಮೆಲ್ಲಗೆ ಏರುತ್ತಿತ್ತು, ತಟಕ್ಕನೆ ಬೀಳುತ್ತಿತ್ತು, ಮತ್ತೆ ಏರುತ್ತಿತ್ತು. ಗರಗಸದ ಹಲ್ಲಿನ ಹಾಗೆ, ತಿಂಗಳಿಗೊಂದು ಹಲ್ಲು. ಕೆಳಗೆ ಅಮಾವಾಸ್ಯೆಗಳ ಗುರುತು.

"ಇದೇನ್ ಮೇಡಂ, ಚಂದ್ರಗ ಅಂಜಿ ಏರಿ ಇಳಿಲಾಕತ್ತದ?" ರೇಹಾನಾ ನಕ್ಕಳು. "ಪ್ರತಿ ಹಲ್ಲೂ ಅಮಾಸಿಗಿ ಬೀಳ್ತದ!"

"ನಾನೂ ಮೊದಲು ಚಂದ್ರ ಅಂದ್ಕೊಂಡೆ. ಒಂದು ಪೇಪರ್ ಬರಿಬೇಕಂದ್ಕೊಂಡಿದ್ದೆ. ಆಮ್ಯಾಲ ಆ ಠಾಣೆಕ್ಕ ಹೋದೆ. ಅಲ್ಲಿ ವೀಕ್ಷಕ ಇದ್ದಂವ ತೀರಿಕೊಂಡಿದ್ದ. ಅವನ ಮಗಳು ಹೇಳಿದ್ಲು, ಅಪ್ಪ ಭಾಳ ನಿಷ್ಠಾವಂತ, ಪ್ರತಿ ಅಮಾಸಿಗಿ ಎಲ್ಲಾ ಉಪಕರಣ ತೊಳದು, ಹೊಸ ಬಟ್ಟಿ ಸುತ್ತಿ, ಕುಂಕುಮ ಹಚ್ಚಿ ಕಾಯಿ ಒಡಿತಿದ್ದ ಅಂತ."

ರೇಹಾನಾಳ ನಗು ನಿಂತಿತು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸ ಬಟ್ಟೆಯ ದಿನ ಮಾತ್ರ ಅಂಕಿ ಸರಿ. ಉಳಿದ ತಿಂಗಳೆಲ್ಲ ಉಪ್ಪು ಬೆಳೆಯುತ್ತಾ ಹೋದ ಹಾಗೆ ಸುಳ್ಳು ಬೆಳೆಯುತ್ತಾ ಹೋಗಿತ್ತು.

"ಬಿರಾದಾರ ಡಿಗ್ರಿ..." ಎಂದಳು.

"ಇಲ್ಲ. ಅಂಥಾದ್ದೇನೂ ಇಲ್ಲ."

"ಎಂದು ಹೋಗಿದ್ರಿ ಠಾಣೆಕ್ಕ?"

"ನೀ ಪಿಎಚ್‌ಡಿಗಿ ಸೇರಿದ ವರ್ಷ."

ರೇಹಾನಾ ಎದ್ದು ನಿಂತಳು, ಮತ್ತೆ ಕುಳಿತಳು. ಅವಳ ಐದು ಲೇಖನಗಳೂ ಆ ಎರಡು ಡಿಗ್ರಿಯ ಮೇಲೇ ನಿಂತಿದ್ದವು. ಮುಂದಿನ ತಿಂಗಳು ಅವಳ ನೌಕರಿಯ ಸಂದರ್ಶನ. "ಗೊತ್ತಿದ್ದೂ ನನಗ ಅದೇ ವಿಷಯ ಕೊಟ್ರಿ. ಗೊತ್ತಿದ್ದೂ ಹೋದ ವರ್ಷ ನನ್ನ ಕೈಲೆ ಆ ಪ್ರಶ್ನೆ ಬರಸಿದ್ರಿ. ಯಾಕ? ನನ್ನ ಹೆಸರು ಹೋದ್ರ ಹೋಗ್ಲಿ, ನಿಮ್ಮದು ಉಳಿಲಿ ಅಂತಾ?"

"ಹೌದು," ಎಂದಳು ಚಂದ್ರಭಾಗಾ. "ಅಂದು ನನಗ ನಾ ಹಂಗ ಹೇಳ್ಕೊಂಡಿರಲಿಲ್ಲ. ಆದ್ರ ಹೌದು."

ಹುಡುಗಿ ಅಳಲಿಲ್ಲ. ಅದು ಅತ್ತದ್ದಕ್ಕಿಂತ ಹೆಚ್ಚಾಗಿ ಚಂದ್ರಭಾಗಾಳನ್ನು ಚುಚ್ಚಿತು. "ಅಮ್ಮಿ ನಿಮ್ಮ ಫೋಟೋ ಮನ್ಯಾಗ ಹಾಕ್ಯಾಳ, ಮೇಡಂ," ಎಂದಳು ಬಾಗಿಲ ಬಳಿ ನಿಂತು. "ಸಂದರ್ಶನ ಮುಗಿಯೋ ತನಕಾ ತಡೀರಿ ಅಂತ ನಾ ಕೇಳಬಹುದು. ಕೇಳಿದ್ರ ನೀವು ತಡೀತೀರಿ. ಅದಕ ಕೇಳಂಗಿಲ್ಲ." ಬಾಗಿಲು ಮೆಲ್ಲಗೆ ಮುಚ್ಚಿತು.

ಚಂದ್ರಭಾಗಾ ಪರದೆಯ ಮುಂದೆ ಕುಳಿತು ಹಳೆಯ ಪತ್ರವನ್ನು ತೆರೆದಳು. ಅದು ಚೆನ್ನಾಗಿ ಬರೆದ ಪತ್ರವೇ. ಅಲ್ಲಿ ಒಂದು ವಾಕ್ಯವಿತ್ತು: ಠಾಣೆಯ ವೀಕ್ಷಕನು ನಿಯಮದಂತೆ ಬಟ್ಟೆ ಬದಲಿಸದೆ ಇದ್ದುದರಿಂದ ದೋಷ ಉಂಟಾಗಿದೆ. ಅವನ ಹೆಸರನ್ನೂ ಹಾಕಿದ್ದಳು. ಅದನ್ನು ಮತ್ತೆ ಓದಿದಾಗ ಅವಳ ಕಿವಿ ಬಿಸಿಯಾಯಿತು. ಆ ಮನುಷ್ಯ ತಾನು ಅರಿತ ಶ್ರದ್ಧೆಯಿಂದ ಉಪಕರಣ ತೊಳೆದಿದ್ದ. ಅಲ್ಲಿಗೆ ಯಾವ ನೀರು ಬರುತ್ತದೆ ಎಂದು ಲೇಖನ ಬರೆಯುವ ಮೊದಲು ಒಂದೇ ಒಂದು ಸಲ ಕೇಳದೆ ಇದ್ದವಳು ಅವಳು. ವಾಕ್ಯವನ್ನು ಅಳಿಸಿ ಬರೆದಳು: ಅಂಕಿಗಳು ಹೇಗೆ ಬಂದವು ಎಂದು ನಾನು ಹೋಗಿ ನೋಡಲಿಲ್ಲ. ಇನ್ನೊಂದು ಸಾಲು ಸೇರಿಸಿದಳು: ನನ್ನ ವಿದ್ಯಾರ್ಥಿನಿ ಡಾ. ರೇಹಾನಾ ಪಟೇಲ್‌ಗೆ ಈ ದೋಷ ತಿಳಿದಿರಲಿಲ್ಲ. ಅವಳಿಂದ ನಾನು ಅದನ್ನು ಮುಚ್ಚಿಟ್ಟಿದ್ದೆ.

ಪತ್ರದ ಕೆಳಗೆ ಪತ್ರಿಕೆಯವರ ಒಂದು ಖಾಲಿ ಜಾಗವಿತ್ತು. ದೋಷ ಲೇಖಕರ ಗಮನಕ್ಕೆ ಬಂದ ದಿನಾಂಕ. ಐದು ವರ್ಷ ಅವಳು ಬಂದು ಬಂದು ನಿಂತದ್ದು ಇಲ್ಲೇ. ನಿನ್ನೆ ಎಂದು ಬರೆದರೆ ಯಾರೂ ಕೇಳುವುದಿಲ್ಲ. ಪ್ರಾಮಾಣಿಕ ವಿಜ್ಞಾನಿ, ಗೊತ್ತಾದ ಕೂಡಲೇ ಹೇಳಿದಳು ಎಂದು ಮೆಚ್ಚಿ ಇನ್ನೊಂದು ಶಾಲು ಹೊದಿಸಿದರೂ ಹೊದಿಸಿಯಾರು. ನಿಜವಾದ ದಿನ ಬರೆದರೆ ಈ ಐದು ಬೇಸಿಗೆಗಳಲ್ಲಿ ಬಿದ್ದವರೆಲ್ಲ ಆ ದಿನದಿಂದ ಈಚೆಗೆ ಸಾಲಾಗಿ ಬಂದು ನಿಲ್ಲುತ್ತಾರೆ.

ಅವಳು ನಿನ್ನೆಯ ದಿನಾಂಕ ಬರೆದಳು. ನೋಡಿದಳು. ಪರದೆ ಮಡಚಿ, ಕಂಪ್ಯೂಟರನ್ನು ಚೀಲದಲ್ಲಿಟ್ಟುಕೊಂಡು ಎದ್ದು ಹೊರಟಳು.

* * *

ಆಸ್ಪತ್ರೆಯ ವರಾಂಡದಲ್ಲಿ ಶಿವಲೀಲಾ ರೊಟ್ಟಿ ಮುರಿದು ಮುರಿದು ಹಾಲಿನಲ್ಲಿ ನೆನೆಸುತ್ತಿದ್ದಳು. ಚಂದ್ರಭಾಗಾ ಸ್ವಲ್ಪ ದೂರದಲ್ಲಿ ಕುಳಿತು ಚೀಲದಿಂದ ಕಂಪ್ಯೂಟರ್ ತೆಗೆದಳು.

"ಈ ಪತ್ರ ಹೋದ್ರ ಕೂಗು ನಾಳಿಂದ ಹನ್ನೊಂದರೊಳಗ ಹೊಡಿತದವ್ವ. ಎರಡು ತಾಸಿನ ಕೂಲಿ ಹೋಗತದ, ಎಲ್ಲಾರದ್ದೂ. ನಿನಗ ಹೇಳಿ ಕಳಸಬೇಕಂತ ಬಂದೆ."

"ನನ್ನ ಕೇಳಿ ಬರದ್ರೇನು, ಅದು ಮೊದಲು?" ಶಿವಲೀಲಾ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. "ಗಣಿ ಮಂದಿ ನಿಮ್ಮ ಮನಿ ಮುಂದ ಬಂದು ಬೈತಾರ ನೋಡ್ರಿ. ಕೂಲಿಗಿ ಅಲ್ಲ. ನಾವು ಗಟ್ಟಿ ಅಲ್ಲ ಅಂದೀರಿ ಅಂತ."

"ಬೈಲಿ."

"ನಾನೂ ಬರ್ತೀನಿ ಅವರ ಸಂಗಟ."

"ಬಾ."

ಶಿವಲೀಲಾ ಈಗ ತಲೆ ಎತ್ತಿ ಪರದೆಯ ಕಡೆ ನೋಡಿದಳು. ಅವಳಿಗೆ ಆ ಇಂಗ್ಲಿಷು ಬಾರದು. ಅಂಕಿ ಮಾತ್ರ ಬರುತ್ತಿತ್ತು.

"ಅಲ್ಲಿ ತಾರೀಖು ಯಾವುದು ಹಾಕೀರಿ? ನಿನ್ನಿದು ಕಾಣಸ್ಲತ್ತದ."

ಚಂದ್ರಭಾಗಾ ಬೆರಳಿಟ್ಟು ಅದನ್ನು ಅಳಿಸಿದಳು. ಠಾಣೆಯ ಮೆಟ್ಟಿಲ ಮೇಲೆ ವೀಕ್ಷಕನ ಮಗಳು ಚಹಾ ತಂದುಕೊಟ್ಟು ಅಪ್ಪನ ನಿಷ್ಠೆಯನ್ನು ಹೇಳಿದ ದಿನ ಯಾವುದೆಂದು ಅವಳಿಗೆ ಯಾವ ಕಡತ ನೋಡದೆಯೂ ನೆನಪಿತ್ತು. ದಿನ, ತಿಂಗಳು, ವರ್ಷ ಒಂದೊಂದಾಗಿ ಬರೆದಳು. ಶಿವಲೀಲಾ ವರ್ಷದ ಅಂಕಿಯನ್ನು ಓದಿಕೊಂಡಳು, ತುಟಿ ಬಿಗಿಹಿಡಿದಳು.

ಒಳಗಿನಿಂದ ತಿಪ್ಪಣ್ಣ ತನ್ನ ಸತ್ತ ತಾಯಿಯನ್ನು ಕರೆದ. ಶಿವಲೀಲಾ "ಬಂದೆ" ಎಂದು ಬಟ್ಟಲು ಹಿಡಿದು ಎದ್ದಳು. ಬಾಗಿಲಲ್ಲಿ ನಿಂತು ತಿರುಗಿದಳು.

"ಹೋತೇನು?"

ಚಂದ್ರಭಾಗಾ ಬೆರಳು ಒತ್ತಿದಳು.

"ಹೋತು," ಎಂದಳು.